ನಡುಗದ ಕೈ

ಮನಿಲಾದ ಅಂಗಡಿಗಳಿಗೆ ಕಸೂತಿ ಹಾಕಿಕೊಡುವ ಲುಂಬಾನ್ ಊರಿನಲ್ಲಿ ಸೂಜಿ ಹಿಡಿಯದ ಹೆಂಗಸನ್ನು ಹುಡುಕುವುದು ಕಷ್ಟ. ಹಿಡಿದವರಲ್ಲಿ ಚೋಲೆಂಗಳಂಥವಳನ್ನು ಹುಡುಕುವುದು ಇನ್ನೂ ಕಷ್ಟ. ಅನಾನಸ್ ಎಲೆಯ ನಾರಿನಿಂದ ನೇಯ್ದ ಬಟ್ಟೆ ಉಸಿರು ಬಿಟ್ಟರೆ ಅಲುಗುವಷ್ಟು ತೆಳುವಾಗಿರುತ್ತದೆ. ಅದರಿಂದ ಎಳೆಗಳನ್ನು ಒಂದೊಂದಾಗಿ ಕಿತ್ತು, ಉಳಿದವನ್ನು ಸೂಜಿಯಲ್ಲಿ ಬಿಗಿದು ಜಾಲರಿ ಕಟ್ಟುವ ಕೆಲಸಕ್ಕೆ ಕಲಾದೊ ಎಂದು ಹೆಸರು. ಒಂದು ಎಳೆ ತಪ್ಪಿ ಕಿತ್ತರೆ ಬಟ್ಟೆಯೂ ಹಾಳು, ವಾರದ ಕೂಳೂ ಹಾಳು. ಹೂವು ಬಳ್ಳಿಯನ್ನು ಯಾರು ಬೇಕಾದರೂ ಹಾಕಿಯಾರು, ಕಲಾದೊ ಎಲ್ಲರ ಕೈಗೆ ಬಗ್ಗುವುದಲ್ಲ. ಮದುಮಗನ ಬರೊಂಗ್ ಅಂಗಿಯ ಎದೆಭಾಗ ಊರಿಗೆ ಬಂತೆಂದರೆ ಅದು ನೇರವಾಗಿ ಚೋಲೆಂಗಳ ಮನೆಗೇ ಬರುತ್ತಿತ್ತು. ತೊಟ್ಟವರು ಫೋಟೊಗಳಲ್ಲಿ ಮೆರೆದರು, ಮಾರಿದವರು ಹೆಸರು ಮಾಡಿದರು. ಚೋಲೆಂಗಳ ಹೆಸರು ಅವಳ ಬೀದಿ ದಾಟಲಿಲ್ಲ. ಅವಳಿಗೆ ಆ ಬಗ್ಗೆ ಸಿಟ್ಟಿತ್ತು, ಆದರೆ ಸಿಟ್ಟಿನಿಂದ ಅನ್ನ ಬೇಯುವುದಿಲ್ಲ.

ಅವಳಿಗೆ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡಾಗ ತಂಗಿ ಅಡೆಂಗ್ ಇನ್ನೂ ಹಾಲುಹಲ್ಲಿನ ಹುಡುಗಿ. ಅವಳನ್ನು ಬೆಳೆಸುವುದರಲ್ಲೇ ಅಕ್ಕನ ವಯಸ್ಸು ಹೋಯಿತು. ಅಡೆಂಗಳಿಗೆ ಹುಟ್ಟಿನಿಂದ ದಮ್ಮು. ಧೂಳಿಗೆ, ಹೊಗೆಗೆ, ಡಿಸೆಂಬರಿನ ತಂಪಿಗೆ ಎದೆಯಲ್ಲಿ ಸಿಳ್ಳೆ ಶುರುವಾಗುತ್ತಿತ್ತು. ಆಗೆಲ್ಲ ಬಾಯಿಗೆ ಒತ್ತಿಕೊಂಡು ಎಳೆದುಕೊಳ್ಳಲು ಆರೋಗ್ಯ ಕೇಂದ್ರದವರು ಒಂದು ನೀಲಿ ಪಂಪು ಕೊಟ್ಟಿದ್ದರು. ಅದು ಸದಾ ಅವಳ ಜೇಬಿನಲ್ಲಿರುತ್ತಿತ್ತು. ಚೋಲೆಂಗ್ ತಂಗಿಯನ್ನು ಅಪ್ಪಣೆಗಳಲ್ಲೇ ಬೆಳೆಸಿದಳು. ಓಡಬೇಡ, ನೆನೆಯಬೇಡ, ಐಸ್ ತಿನ್ನಬೇಡ. ಏಕೆ ಎಂದು ಹೇಳುವ ವ್ಯವಧಾನ ಅವಳಿಗೆ ಎಂದೂ ಇರಲಿಲ್ಲ.

ದಮ್ಮಿನ ಸಂಗತಿಯನ್ನು ಅಕ್ಕತಂಗಿ ಊರಿಗೆ ತಿಳಿಯದಂತೆ ಮುಚ್ಚಿಟ್ಟಿದ್ದರು. ಅದಕ್ಕೆ ಕಾರಣ ಬೆರ್ತಾ; ಊರು ಅವಳನ್ನು ಮರ್ಯಾದೆಗೆ ಆಲಿಂಗ್ ಬೆರ್ತಾ ಎನ್ನುತ್ತಿತ್ತು. ಮನಿಲಾದ ಅಂಗಡಿಗಳಿಂದ ಬಟ್ಟೆ ತಂದು ಊರಿನ ಹೆಂಗಸರಿಗೆ ಹಂಚುವವಳು ಅವಳೇ. ಕೆಮ್ಮುವ ಹೆಂಗಸಿಗೆ ಅವಳು ಬಟ್ಟೆ ಕೊಡುತ್ತಿರಲಿಲ್ಲ. ಅನಾನಸ್ ಬಟ್ಟೆಯ ಮೇಲೆ ಒಂದು ಹನಿ ಉಗುಳು ಬಿದ್ದರೂ ಕಲೆ ನಿಲ್ಲುತ್ತದೆ ಎಂಬುದು ಒಂದು ನೆಪ, ಕೆಮ್ಮಿದವರಿಗೆಲ್ಲ ಕ್ಷಯ ಎಂಬುದು ಅವಳ ಒಳಗಿನ ನಂಬಿಕೆ. ಹಿಂದೆ ಒಬ್ಬಳ, ಬಟ್ಟೆ ಬಿಗಿದ ಮರದ ಚೌಕಟ್ಟನ್ನು ಕೆಲಸದ ಮಧ್ಯದಲ್ಲೇ ಕಿತ್ತುಕೊಂಡು ಹೋಗಿದ್ದಳು. ಆದ್ದರಿಂದ ಅಡೆಂಗ್ ಹಿತ್ತಿಲಿಗೆ ಹೋಗಿ, ಸೇದುಬಾವಿಯ ಹಿಂದೆ ನಿಂತು ಪಂಪು ಎಳೆದುಕೊಳ್ಳುತ್ತಿದ್ದಳು.

ಹೀಗಿರುವಾಗ ನಡುಕ ಬಂದದ್ದು ಚೋಲೆಂಗಳಿಗೆ. ಮೊದಲು ಸೂಜಿಯ ಕಣ್ಣಿಗೆ ದಾರ ಸಿಗದೆ ಹೋಯಿತು. ಆಮೇಲೆ ಬಟ್ಟಲಿನ ಕಾಫಿ ಮುಂಗೈ ಮೇಲೆ ತುಳುಕಿತು. ಎರಡಾಳಿನ ಅನ್ನ ಉಂಡರೂ ಮೈ ಒಣಗಿತು, ಸುಮ್ಮನೆ ಕುಳಿತಾಗಲೂ ಎದೆ ಡವಡವ ಎನ್ನುತ್ತಿತ್ತು. ಊರಿನವರಿಗೆ ರೋಗದ ಹೆಸರು ಹುಡುಕಲು ಅರೆಗಳಿಗೆ ಸಾಕಾಯಿತು. ಪಸ್ಮಾ. ಕೈ ಬಿಸಿಯಾಗಿರುವಾಗ ತಣ್ಣೀರು ಮುಟ್ಟಿದರೆ ನರಗಳಿಗೆ ಶೀತ ಹೊಕ್ಕು ನಡುಕ ಹಿಡಿಯುತ್ತದೆ ಎಂದು ಅಲ್ಲಿ ಕೂಸಿಗೂ ಗೊತ್ತು.

"ಇಸ್ತ್ರಿ ಮಾಡಿ ಆ ಕೈನೇ ನೀರಿಗೆ ಅದ್ದಿದೀಯ ಕಣೆ, ಇನ್ನೇನಾಗುತ್ತೆ," ಅಂದಳು ಪಕ್ಕದ ಮನೆಯ ಮೊನಿಂಗ್. ಅವಳೂ ಸೂಜಿ ಹಿಡಿದೇ ಬದುಕಿದವಳು. "ಉಪ್ಪು ಹಾಕಿದ ಬಿಸಿನೀರಲ್ಲಿ ಕೈ ಇಟ್ಕೊ. ಅದಕ್ಕೂ ಹೋಗ್ಲಿಲ್ಲ ಅಂದ್ರೆ ಬೆಳಗ್ಗಿನ ಮೊದಲನೇ ಉಚ್ಚೆ."

"ಯಾರದು, ನಿಂದಾ?"

"ನಂದು ಬೇಕಂದ್ರೆ ಬಿಟ್ಟಿ ಕೊಡ್ತೀನಿ."

ಚೋಲೆಂಗ್ ಉಪ್ಪುನೀರನ್ನೂ ಮಾಡಿದಳು, ಹೇಳಿಕೊಳ್ಳಲಾಗದ್ದನ್ನೂ ಮಾಡಿದಳು. ನಡುಕ ಹೋಗಲಿಲ್ಲ. ಕೊನೆಗೆ ಒಂದು ಕಲಾದೊ ತುಂಡಿನಲ್ಲಿ ಎಳೆ ತಪ್ಪಿ ಹರಿದಾಗ, ಅಡೆಂಗಳೇ ಅವಳನ್ನು ದಬ್ಬಿಕೊಂಡು ಸಾಂತಾ ಕ್ರೂಸಿನ ಡಾಕ್ಟರಲ್ಲಿಗೆ ಕಳಿಸಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಗಂಟಲು ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಇದು ಪಸ್ಮಾ ಅಲ್ಲ, ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದರು. ಗ್ರಂಥಿಯನ್ನು ತಣಿಸಲು ಒಂದು ಔಷಧಿ. ಅದು ಹತ್ತಲು ವಾರಗಳೇ ಬೇಕು. ಅಲ್ಲಿಯವರೆಗೆ ಎದೆಯನ್ನೂ ಕೈಯನ್ನೂ ಹತೋಟಿಯಲ್ಲಿಡಲು ಇನ್ನೊಂದು, ಪ್ರೊಪ್ರನಲಾಲ್ ಎಂಬ ಮಾತ್ರೆ.

"ಇದು ಬೀಟಾ ಬ್ಲಾಕರ್ ಜಾತಿಯ ಮಾತ್ರೆ," ಎಂದರು ಡಾಕ್ಟರು. "ಹೆದರಿದಾಗ, ಓಡಿದಾಗ ಮೈಯಲ್ಲಿ ಒಂದು ರಸ ಹುಟ್ಟುತ್ತೆ. ಅದು ಹೃದಯದ ಬಾಗಿಲು ತಟ್ಟಿ, ಜೋರಾಗಿ ಹೊಡ್ಕೊ ಅಂತ ಹೇಳುತ್ತೆ. ಈಗ ನಿಮ್ಮ ಮೈಲಿ ಒಂದು ಸಲ ತಟ್ಟಿದ್ರೆ ಹತ್ತು ಸಲ ಕೇಳಿಸ್ತಿದೆ. ಈ ಮಾತ್ರೆ ಹೋಗಿ ಆ ಬಾಗಿಲಲ್ಲೇ ಕೂತ್ಕೊಳ್ಳುತ್ತೆ. ರಸ ಬಂದ್ರೂ ತಟ್ಟೋಕೆ ಜಾಗ ಇರಲ್ಲ."

"ಕೈ ನಡುಕಾನೂ ಹೋಗುತ್ತಾ ಡಾಕ್ಟೋರಾ?"

"ಹೋಗುತ್ತೆ. ಆದ್ರೆ ಕೇಳಿ. ಇಂಥ ಬಾಗಿಲುಗಳು ಶ್ವಾಸಕೋಶದಲ್ಲೂ ಇವೆ. ದಮ್ಮಿರೋರಿಗೆ ಅಲ್ಲಿನ ಬಾಗಿಲು ತೆರೆದೇ ಇರಬೇಕು. ಅಲ್ಲಿ ಹೋಗಿ ಈ ಮಾತ್ರೆ ಕೂತ್ರೆ ಉಸಿರಿನ ದಾರಿ ಬಿಗಿದುಹೋಗುತ್ತೆ. ಪಂಪಿನ ಔಷಧಿನೂ ಅದೇ ಬಾಗಿಲಿಂದಾನೇ ಹೋಗ್ಬೇಕು, ಅದೂ ಕೆಲಸ ಮಾಡಲ್ಲ. ನಿಮಗೆ ದಮ್ಮಿಲ್ಲ ತಾನೆ?"

"ನನಗಿಲ್ಲ, ಡಾಕ್ಟೋರಾ."

"ಸರಿ. ಹೇಳಿದ ಹೊತ್ತಿಗೆ ತಗೊಳ್ಳಿ. ತಲೆ ಸುತ್ತಿದ್ರೆ, ನಾಡಿ ತೀರ ನಿಧಾನ ಆದ್ರೆ ಬನ್ನಿ. ವಾಸಿಯಾಯ್ತು ಅಂತ ನೀವೇ ಒಂದು ದಿನ ನಿಲ್ಲಿಸಿಬಿಡಬೇಡಿ. ತಡೆದಿಟ್ಟಿದ್ದ ಹೃದಯ ಒಮ್ಮೆಲೇ ಹುಚ್ಚು ಹಿಡಿದ ಹಾಗೆ ಓಡುತ್ತೆ. ಸ್ವಲ್ಪ ಸ್ವಲ್ಪವಾಗಿ ನಾನೇ ಇಳಿಸ್ತೀನಿ. ಇನ್ನೊಂದು, ಯಾರಿಗೂ ಹಂಚಬೇಡಿ."

ಡಾಕ್ಟರು ಕೇಳಬೇಕಾದ್ದನ್ನು ಕೇಳಿದರು. ಚೋಲೆಂಗ್ ಹೇಳಿದ್ದೂ ನಿಜವೇ. ದಮ್ಮು ಅವಳಿಗಿರಲಿಲ್ಲ. ಇದ್ದವಳು ಮನೆಯಲ್ಲಿ ಅನ್ನಕ್ಕೆ ನೀರಿಟ್ಟುಕೊಂಡು ಕಾಯುತ್ತಿದ್ದಳು.

ಮಾತ್ರೆ ಒಳಗೆ ಬಿದ್ದ ಮೇಲೆ ಕೈ ನಿಂತಿತು. ಚೋಲೆಂಗಳಿಗೆ ಹೋದ ಜೀವ ಬಂದ ಹಾಗಾಯಿತು. ದಾರ ಮೊದಲ ಸಲಕ್ಕೇ ಸೂಜಿಯ ಕಣ್ಣು ಹೊಕ್ಕಿತು, ಕಲಾದೊ ಮೊದಲಿಗಿಂತ ಹಸನಾಗಿ ಬಂತು. ಮಾತ್ರೆಯ ಪಟ್ಟಿಯನ್ನು ಅವಳು ಬಾಲಯೇಸುವಿನ ಗೂಡಿನಲ್ಲಿ, ಮೇಣದ ಬತ್ತಿಯ ಪಕ್ಕ ಇಟ್ಟಳು. ಇಟ್ಟ ಜಾಗ ನೋಡಿದವರಿಗೆ ಅದು ಔಷಧಿಯಾಗಿ ಕಾಣಿಸಲಿಲ್ಲ, ಪ್ರಸಾದವಾಗಿ ಕಾಣಿಸಿತು.

"ಪಸ್ಮಾಗೆ ಮಾತ್ರೆ ಬಂದಿದ್ಯಂತೆ," ಎಂದು ಊರು ಮಾತಾಡಿತು. ಅಲ್ಲ, ಇದು ಎದೆಯ ಮಾತ್ರೆ ಎಂದು ಚೋಲೆಂಗ್ ಒಂದೆರಡು ಸಲ ಹೇಳಿದಳು. ಆದರೆ ಕೈ ನಿಂತದ್ದನ್ನು ಕಣ್ಣಾರೆ ಕಂಡವರಿಗೆ ಎದೆಯ ಮಾತು ಯಾಕೆ ಬೇಕು? ಮೊನಿಂಗ್ ಬಂದು, ಕಣ್ಣಲ್ಲಿ ನೀರು ತಂದುಕೊಂಡು, ನಾಳೆ ಕೆಲಸ ಒಪ್ಪಿಸಬೇಕು, ಕೈ ಕುಣಿಯುತ್ತಿದೆ ಎಂದು ಒಂದು ಮಾತ್ರೆ ಕೇಳಿದಳು. ನೆರೆಯವಳು ಕೇಳಿದ್ದಕ್ಕೆ ಇಲ್ಲ ಎನ್ನುವುದು ಆ ಬೀದಿಯಲ್ಲಿ ಕೊಲೆಗಿಂತ ದೊಡ್ಡ ಪಾಪ. ಚೋಲೆಂಗ್ ಕೊಟ್ಟಳು. ಮೊನಿಂಗಳಿಗೆ ಏನೂ ಆಗಲಿಲ್ಲ, ಕೈ ನಿಂತಿತು, ಕೆಲಸ ಮುಗಿಯಿತು. ಅದೇ ತಪ್ಪಾಯಿತು. ಅವಳಿಗೆ ಅಂದು ಚೂರು ತಲೆ ಸುತ್ತಿದ್ದರೂ ಊರು ಹೆದರುತ್ತಿತ್ತು.

ಸುದ್ದಿ ಆಲಿಂಗ್ ಬೆರ್ತಾಳ ಕಿವಿಗೆ ಬಿತ್ತು. ಡಿಸೆಂಬರಿನ ಮದುವೆಗಳು ತಲೆಯ ಮೇಲಿದ್ದವು. ಮನಿಲಾದ ಯಾವುದೋ ಹಣವಂತರ ಮದುವೆಗೆ ಮದುಮಗನಿಗೂ, ಮದುವೆಗೆ ಸಾಕ್ಷಿಯಾಗಿ ಸಾಲಾಗಿ ನಿಲ್ಲುವ ಧರ್ಮಪಿತರೆಲ್ಲರಿಗೂ ಬರೊಂಗ್ ಬೇಕಿತ್ತು. ಬೆರ್ತಾ ಡಾಕ್ಟರ ಚೀಟಿ ಕೇಳದ ಒಂದು ಅಂಗಡಿ ಹುಡುಕಿ ಮಾತ್ರೆಯ ಡಬ್ಬಿಯನ್ನೇ ತಂದಿಟ್ಟಳು. ತನ್ನ ಮನೆಯ ಹಜಾರದಲ್ಲಿ ಕಲಾದೊ ಹಾಕುವ ಹೆಂಗಸರನ್ನು ಕೂರಿಸಿ, ಬೆಳಗಿನ ತಿಂಡಿಯ ಜೊತೆ ತಟ್ಟೆಯಲ್ಲಿ ಮಾತ್ರೆಯನ್ನೂ ಇಡತೊಡಗಿದಳು. ಸಕ್ಕರೆ ಕಾಯಿಲೆಯವರು ಯಾರು, ನಾಡಿ ನಿಧಾನವಿರುವವರು ಯಾರು, ದಮ್ಮಿನವರು ಯಾರು ಎಂದು ಕೇಳಿದವರಿಲ್ಲ. ಅವಳ ಕಣ್ಣು ಬಟ್ಟೆಯ ಮೇಲೆ ಮಾತ್ರ ಇತ್ತು.

ಚೋಲೆಂಗ್ ಅದನ್ನು ಕೇಳಿ ಬೆರ್ತಾಳ ಮನೆಗೇ ಹೋದಳು. "ಆಲಿಂಗ್ ಬೆರ್ತಾ, ಡಾಕ್ಟೋರಾ ಹಂಚಬಾರದು ಅಂದಿದಾರೆ."

"ಮೊದಲು ಹಂಚಿದೋಳು ನೀನೇ ಅಲ್ವೇನೆ? ಈಗ ನಾನು ಕೊಟ್ರೆ ಚುರ್ ಅನ್ನುತ್ತಾ?"

"ಅಡೆಂಗಳಿಗೆ ಮಾತ್ರ ಕೊಡಬೇಡಿ."

"ಯಾಕಂತೆ?"

ಇಲ್ಲಿ ಒಂದು ಮಾತು ಬೇಕಿತ್ತು. ಅದು ಚೋಲೆಂಗಳ ನಾಲಿಗೆಯ ತುದಿಯವರೆಗೂ ಬಂತು. ಹಜಾರದಲ್ಲಿ ಅಡೆಂಗಳೂ ಸೇರಿ ಹೆಂಗಸರೆಲ್ಲ ಸೂಜಿ ನಿಲ್ಲಿಸಿ ಕಿವಿ ನಿಮಿರಿಸಿದ್ದರು. ದಮ್ಮು ಎಂದರೆ ಅಡೆಂಗಳ ಚೌಕಟ್ಟು ಅವತ್ತೇ ಇನ್ನೊಬ್ಬಳ ಮಡಿಲಿಗೆ ಹೋಗುತ್ತಿತ್ತು. ಅದೂ ಬೆರ್ತಾ ಅವಳಿಗೆ ಮೊಟ್ಟಮೊದಲ ಸಲ ಕಲಾದೊ ಕೊಟ್ಟು ಹಜಾರಕ್ಕೆ ಕರೆಸಿಕೊಂಡಿರುವ ವಾರದಲ್ಲಿ.

"ಅವಳ ಕೈ ನಡುಗಲ್ಲ. ಅವಳಿಗೆ ಯಾಕೆ ಬೇಕು?" ಅಂದಳು ಚೋಲೆಂಗ್.

ಆದರೆ ಅಡೆಂಗಳ ಕೈ ನಡುಗುತ್ತಿತ್ತು. ರೋಗದಿಂದಲ್ಲ, ಹೆದರಿಕೆಯಿಂದ. ಹುಟ್ಟಿದಾರಭ್ಯ ಚೋಲೆಂಗಳ ತಂಗಿ ಎಂದೇ ಕರೆಸಿಕೊಂಡವಳು. ಹೂವು ಬಳ್ಳಿ ಹಾಕಿಯೇ ಬೆರಳು ಸವೆಸಿದವಳು. ಈಗ ಧರ್ಮಪಿತನೊಬ್ಬನ ಅಂಗಿಯ ಎದೆ ಅವಳ ಚೌಕಟ್ಟಿನ ಮೇಲಿತ್ತು. ಎಳೆ ಕೀಳಲು ಕತ್ತರಿ ಹಿಡಿದರೆ ಬೆರಳು ಮಾತು ಕೇಳುತ್ತಿರಲಿಲ್ಲ. ಅವತ್ತು ಸಂಜೆ ಊಟಕ್ಕೆ ಕುಳಿತಾಗ ಅವಳೇ ಬಾಯಿ ಬಿಟ್ಟಳು.

"ಆತೆ, ಒಂದು ಮಾತ್ರೆ ಕೊಡೆ." ಅಕ್ಕನನ್ನು ಅವಳು ಆತೆ ಎಂದೇ ಕರೆಯುತ್ತಿದ್ದಳು.

"ಮುಟ್ಟಿದ್ರೆ ಕೈ ಮುರೀತೀನಿ."

"ಮೊನಿಂಗಳಿಗೆ ಕೊಟ್ಟೆ. ಒಡಹುಟ್ಟಿದೋಳಿಗೆ ಇಲ್ವಾ?"

"ಬೇಡ ಅಂದ್ರೆ ಬೇಡ. ಏನಿದ್ರೂ ಎದುರು ಮಾತಾಡೋದೇ ಆಯ್ತು ನಿಂದು."

"ಕಲಾದೊಗೆ ನಿನ್ನದೊಂದೇ ಹೆಸರಿರಬೇಕು, ಅಲ್ವಾ ಆತೆ?" ಎಂದಳು ಅಡೆಂಗ್. ಆ ಮಾತು ಚೋಲೆಂಗಳಿಗೆ ಚೂರಿಯಂತೆ ನಾಟಿತು. ನಿನ್ನ ಉಸಿರು ನಿಂತುಹೋಗುತ್ತೆ ಕಣೆ ಹುಚ್ಚಿ ಎನ್ನಬೇಕಾದ ಬಾಯಿ ಸೆಟೆದುಕೊಂಡಿತು. ಸಾಕಿದ ತಪ್ಪಿಗೆ ಇಂಥ ಮಾತು ಕೇಳಬೇಕಾಯಿತಲ್ಲ ಎಂದು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಮೀನಿನ ಸಾರು ಹಾಗೆಯೇ ಉಳಿಯಿತು.

ಮಾರನೆಯ ದಿನ ಅಡೆಂಗ್ ಕ್ರಿಸ್ಮಸ್ಸಿಗೆ ಮುಂಚಿನ ದಿನಗಳ ಬೆಳಗಿನ ಜಾವದ ಪೂಜೆ ಮುಗಿಸಿ, ಅಕ್ಕನೊಂದಿಗೆ ಮಾತಾಡದೆ ನೇರವಾಗಿ ಬೆರ್ತಾಳ ಮನೆಗೆ ಹೋದಳು. ಬಿಸಿಲು ಏರುವ ಹೊತ್ತಿಗೆ ಮೊನಿಂಗ್ ಚಪ್ಪಲಿ ಇಲ್ಲದೆ ಓಡಿಬಂದಳು. ಚೋಲೆಂಗ್ ಹೋಗಿ ನೋಡಿದಾಗ ತಂಗಿ ಹಜಾರದ ನೆಲದಲ್ಲಿ ಕೂತು, ಎರಡೂ ಕೈಯನ್ನು ಊರಿ, ಹೆಗಲು ಮೇಲೆತ್ತಿ ಗಾಳಿಗಾಗಿ ಹೋರಾಡುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಗುಟ್ಟು ಬಚ್ಚಿಡುವ ಕಾಲ ಮುಗಿದಿತ್ತು. ಚೋಲೆಂಗ್ ಅವಳ ಜೇಬಿನಿಂದ ಪಂಪು ಕಿತ್ತು ಬಾಯಿಗಿಟ್ಟು ಒತ್ತಿದಳು. ಮತ್ತೆ ಒತ್ತಿದಳು. ಯಾವತ್ತೂ ಕೈಬಿಡದ ಪಂಪು ಅವತ್ತು ಗಾಳಿ ಊದಿದಂತಾಯಿತು.

"ಏನು ತಿಂದಳು? ಏನು ಕೊಟ್ರಿ ಆಲಿಂಗ್ ಬೆರ್ತಾ?"

"ಏನಿಲ್ಲಪ್ಪ. ಕಾಫಿ, ಎರಡು ಸುಮಾನ್ ಕಡುಬು. ಎಲ್ಲರೂ ತಿಂದದ್ದೇ." ಬೆರ್ತಾ ಚೌಕಟ್ಟನ್ನು ಬದಿಗೆ ಸರಿಸುತ್ತಿದ್ದಳು, ಬಟ್ಟೆ ಕೊಳೆಯಾಗದಿರಲಿ ಎಂದು. ಬೇರೆ ಹೆಂಗಸರು ಮುಖ ತಗ್ಗಿಸಿದರು.

ಮೂರು ಗಾಲಿಯ ಗಾಡಿಯಲ್ಲಿ ತಂಗಿಯನ್ನು ಮಡಿಲಿಗೆ ಹಾಕಿಕೊಂಡು ಚೋಲೆಂಗ್ ಸಾಂತಾ ಕ್ರೂಸಿಗೆ ಹೋದಳು. ಆಸ್ಪತ್ರೆಯವರೂ ಕೇಳಿದ್ದು ಅದೇ ಪ್ರಶ್ನೆ, ಏನು ತಿಂದಳು? ಬೆರ್ತಾ ಹೇಳಿದ್ದನ್ನೇ ನಂಬಿ, ಕಾಫಿ, ಕಡುಬು, ಎಂದಳು ಇವಳು. ಅವರು ಎಂದಿನ ಔಷಧಿಯನ್ನೇ ಹೊಗೆಯಾಗಿ ಊದಿದರು, ಸೂಜಿ ಚುಚ್ಚಿದರು. ಎಂದಿನ ಔಷಧಿಗೆ ಆ ಎದೆ ಬಾಗಿಲು ತೆರೆಯಲಿಲ್ಲ. ಅಡೆಂಗಳ ಕಣ್ಣು ಅಕ್ಕನ ಮೇಲೇ ಇತ್ತು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಮಾತಿಗೆ ಬೇಕಾದಷ್ಟು ಗಾಳಿ ಅವಳಲ್ಲಿರಲಿಲ್ಲ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು.

ಬಟ್ಟೆ ಬದಲಿಸುವಾಗ ನರ್ಸಮ್ಮನಿಗೆ ಜೇಬಿನಲ್ಲಿ ಮಾತ್ರೆ ಬಿಡಿಸಿದ ತಗಡಿನ ಚೂರು ಸಿಕ್ಕಿತು. ಅದನ್ನು ಕಂಡ ಆಸ್ಪತ್ರೆಯ ಡಾಕ್ಟರು ಹಣೆ ಹಿಡಿದುಕೊಂಡರು. "ಇದನ್ನ ನುಂಗಿದಾಳೆ ಅಂತ ಬಂದ ಕೂಡ್ಲೆ ಹೇಳಿದ್ರೆ, ಬೇರೆ ಬಾಗಿಲಿಂದ ಹೋಗೋ ಔಷಧಿ ಇತ್ತು. ಪ್ರಯತ್ನ ಪಡ್ತಿದ್ವಿ," ಎಂದರು. ಉಳಿಯುತ್ತಿದ್ದಳೇ ಎಂದು ಚೋಲೆಂಗ್ ಕೇಳಲಿಲ್ಲ. ಉತ್ತರ ಯಾವುದಾದರೂ ಅದನ್ನು ಹೊತ್ತು ಬದುಕುವುದು ಅವಳಿಂದಾಗುತ್ತಿರಲಿಲ್ಲ.

ನಡೆದದ್ದನ್ನು ಹೇಳಿದವಳು ಮೊನಿಂಗ್. ಬೆಳಗ್ಗೆ ಅಡೆಂಗಳ ಕತ್ತರಿ ನಡುಗುವುದನ್ನು ಕಂಡು ಬೆರ್ತಾ ನಕ್ಕಳಂತೆ. "ನಿಮ್ಮಕ್ಕನ ಕೈ ದೇವರು ಕೊಟ್ಟದ್ದು ಅಂದ್ಕೊಂಡಿದ್ಯಾ? ಈ ಮಾತ್ರೆ ಕೊಟ್ಟದ್ದು ಕಣೆ. ನಿನಗೆ ಕೊಡಬೇಡಿ ಅಂತ ಬಂದು ಹೇಳಿಹೋದಳಲ್ಲ, ನೀನೇ ಕೇಳಿಸ್ಕೊಂಡೆಯಲ್ಲ. ಯಾಕೆ ಅಂತ ಯೋಚನೆ ಮಾಡು," ಎಂದಳಂತೆ. ಅಡೆಂಗ್ ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡಳಂತೆ. ಕೈ ನಿಂತಿತಂತೆ. ಒಂದು ಸಾಲು ಎಳೆಯನ್ನು ಒಂದೂ ತಪ್ಪದೆ ತೆಗೆದು, "ನೋಡ್ರೇ," ಎಂದು ಎಲ್ಲರಿಗೂ ತೋರಿಸಿದಳಂತೆ. ಆಮೇಲೆ ಕೆಮ್ಮು ಶುರುವಾಯಿತು.

ಶವವನ್ನು ಮನೆಯ ಮುಂದಿನ ಕೋಣೆಯಲ್ಲಿ ಇರಿಸಿ ಜಾಗರಣೆಗೆ ಕೂತರು. ಕಿಟಕಿಯಲ್ಲಿ ಅಡೆಂಗಳೇ ಕಟ್ಟಿದ ಕ್ರಿಸ್ಮಸ್ ನಕ್ಷತ್ರ ಇನ್ನೂ ತೂಗುತ್ತಿತ್ತು. ಬಂದವರಿಗೆ ಕಾಫಿ ಬಿಸ್ಕತ್ತು ಹೋಗುತ್ತಿತ್ತು, ಅಂಗಳದಲ್ಲಿ ಗಂಡಸರು ನಿದ್ದೆ ಬಾರದಿರಲೆಂದು ಇಸ್ಪೀಟು ಆಡುತ್ತಿದ್ದರು. ಬೆರ್ತಾ ಬಿಳಿ ಹೂವಿನ ದೊಡ್ಡ ಕಟ್ಟಿನೊಂದಿಗೆ ಬಂದಳು, ಕಣ್ಣೊರೆಸಿಕೊಂಡಳು, ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ದನಿಗೂಡಿಸಿದಳು. ಹೊರಡುವಾಗ ಚೋಲೆಂಗಳ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ಕೇಳಬಾರದು, ಆದ್ರೂ ಕೇಳ್ತೀನಿ. ಅಡೆಂಗ್ ಶುರು ಮಾಡಿದ ತುಂಡು ಹಾಗೇ ಇದೆ. ಮದುವೆ ಹತ್ತಿರ ಬಂತು. ಆ ಎಳೆಗೆ ಕೈ ಹಾಕೋಳು ನೀನೊಬ್ಬಳೇ. ನಿನ್ನ ಕೈಯಂತೂ ನಡುಗ್ತಾ ಇಲ್ವಲ್ಲ."

ಚೋಲೆಂಗ್ ಎದ್ದು ನಿಂತಳು. ಪಿಸುಗುಟ್ಟಲಿಲ್ಲ. "ಎಲ್ಲರೂ ಕೇಳ್ರೇ. ನನ್ನ ತಂಗಿಗೆ ದಮ್ಮಿತ್ತು. ಪಸ್ಮಾ ಮಾತ್ರೆ ಅಂತ ಇವರು ತಟ್ಟೆಲಿಟ್ಟು ಹಂಚ್ತಾರಲ್ಲ, ಅದು ಹೃದಯದ ಮಾತ್ರೆ. ದಮ್ಮಿರೋರಿಗೆ ಅದು ವಿಷ. ಇವರು ಕೊಟ್ರು, ಅವಳು ಸತ್ತಳು. ಏನು ತಿಂದಳು ಅಂತ ಕೇಳಿದಾಗ ಕಡುಬು ಅಂದ್ರು."

ಬೆರ್ತಾಳ ಮುಖ ಬಿಳುಚಿತು, ಆದರೆ ಅವಳು ವ್ಯಾಪಾರದಲ್ಲಿ ಪಳಗಿದ ಹೆಂಗಸು. "ನಾನು ಯಾಕೆ ಅಂತ ಕೇಳಲಿಲ್ವೇನೆ?" ಎಂದಳು. "ಇಷ್ಟು ಜನರ ಮುಂದೆ ಕೇಳ್ದೆ. ಕೈ ನಡುಗಲ್ಲ ಅಂದೆ ನೀನು. ದಮ್ಮು ಅಂತ ಅಂದಿದ್ರೆ ನಾನು ಕೊಡ್ತಿದ್ನಾ? ನಿನಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ."

ದಮ್ಮು ಅಂದಿದ್ದರೆ ನೀವು ಅವಳ ಅನ್ನ ಕಿತ್ತುಕೊಳ್ಳುತ್ತಿದ್ದಿರಿ ಎಂಬ ಮಾತು ಇತ್ತು, ನಿಜವೂ ಆಗಿತ್ತು. ಆದರೆ ಶವಪೆಟ್ಟಿಗೆಯ ಗಾಜಿನಡಿ ಮಲಗಿದವಳ ಮುಂದೆ ಅನ್ನದ ಮಾತು ಬಾಯಿಗೆ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೆರ್ತಾ ಹೂವಿನ ಕಟ್ಟನ್ನು ನೆಟ್ಟಗೆ ಮಾಡಿ ಹೊರಟುಹೋದಳು. ಅಂಗಿಯನ್ನು ಯಾರೋ ಮುಗಿಸಿದರು, ಮದುವೆಯೂ ಆಯಿತು.

ಹೂಳುವ ದಿನ ಪೆಟ್ಟಿಗೆ ಮುಚ್ಚುವ ಮೊದಲು ಸತ್ತವರ ಕೈಯಲ್ಲಿರುವ ಜಪಮಾಲೆಯ ದಾರ ಕತ್ತರಿಸಬೇಕು. ಕತ್ತರಿಸದಿದ್ದರೆ ಮನೆಯಲ್ಲಿ ಸಾವು ಸಾಲುಗಟ್ಟುತ್ತದೆ ಎಂದು ನಂಬಿಕೆ. ಉಳಿದವಳು ಒಬ್ಬಳೇ ಆದ್ದರಿಂದ ಆ ಕೆಲಸ ಚೋಲೆಂಗಳ ಪಾಲಿಗೆ ಬಂತು. ಕಲಾದೊದ ಸಣ್ಣ ಕತ್ತರಿ ತೆಗೆದುಕೊಂಡು, ತಂಗಿಯ ತಣ್ಣನೆಯ ಬೆರಳುಗಳ ನಡುವೆ ಅದರ ತುದಿ ಇಳಿಸಿ, ಎರಡು ಮಣಿಗಳ ಮಧ್ಯದ ದಾರವನ್ನು ಒಂದೇ ಸಲಕ್ಕೆ ಕತ್ತರಿಸಿದಳು. ಒಂದು ಮಣಿಯೂ ಅಲುಗಲಿಲ್ಲ.

"ನೋಡ್ದೇನೆ," ಎಂದಿತು ಹಿಂದಿನಿಂದ ಒಂದು ದನಿ. "ಕೈ ಚೂರೂ ನಡುಗಲಿಲ್ಲ. ಕಲ್ಲು ಕಣೆ, ಕಲ್ಲು."

ಚೋಲೆಂಗಳಿಗೆ ಕೇಳಿಸಿತು. ಅವಳು ತನ್ನ ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡಳು. ಒಳಗೆ ಎಲ್ಲ ಉರಿದುಹೋಗುತ್ತಿದ್ದರೂ ಹೃದಯ ಗೋಡೆ ಗಡಿಯಾರದ ಹಾಗೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಬೆಳಗ್ಗೆ ಅವಳು ಮಾತ್ರೆ ನುಂಗಿದ್ದಳು. ದುಃಖ ಬಾಗಿಲಿಗೆ ಬಂದು ನಿಂತಿತ್ತು, ಬಾಗಿಲಲ್ಲಿ ಮಾತ್ರೆ ಕೂತಿತ್ತು. ಎದೆ ಹೊಡೆದುಕೊಂಡು ಅಳುವ ಭಾಗ್ಯವೂ ತನಗಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೂಳಿ ಬಂದವಳೇ ಸಾಂತಾ ಕ್ರೂಸಿಗೆ ಹೋಗಿ, ಮಾತ್ರೆ ನಿಲ್ಲಿಸಿಬಿಡುತ್ತೇನೆ ಎಂದಳು.

"ಒಮ್ಮೆಲೇ ನಿಲ್ಲಿಸಿದ್ರೆ ನಿಮ್ಮ ಹೃದಯಾನೇ ನಿಮ್ಮನ್ನ ಕೊಲ್ಲಬಹುದು," ಎಂದರು ಡಾಕ್ಟರು.

"ಕೊಲ್ಲಲಿ ಡಾಕ್ಟೋರಾ."

ಡಾಕ್ಟರು ಅವಳ ಮುಖ ನೋಡಿದರು. "ಗ್ರಂಥಿ ಹತೋಟಿಗೆ ಬರಲಿ. ಆಮೇಲೆ ನಾನೇ ಇಳಿಸ್ತೀನಿ. ಅಲ್ಲೀವರೆಗೆ ತಗೊಳ್ಳಿ," ಎಂದು ಅವಳ ನಾಡಿ ಹಿಡಿದರು. ಚೋಲೆಂಗ್ ತೆಗೆದುಕೊಂಡಳು. ತಂಗಿಯನ್ನು ಕೊಂದ ಮಾತ್ರೆಯನ್ನು ಹೊತ್ತು ಹೊತ್ತಿಗೆ, ನೀರಿನ ಜೊತೆ, ತಪ್ಪದೆ ನುಂಗಿದಳು. ಬಾಲಯೇಸುವಿನ ಗೂಡಿನಿಂದ ಅದನ್ನು ತೆಗೆದು ಅಡಿಗೆಮನೆಯ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದಳು. ಕೇಳಿಕೊಂಡು ಬಂದವರಿಗೆ, "ನಿನ್ನ ಎದೇಲಿ ಸಿಳ್ಳೆ ಬರುತ್ತಾ?" ಎಂದು ಕೇಳಿ, ಬಂದರೂ ಬಾರದಿದ್ದರೂ ಬಾಗಿಲಿನಿಂದಲೇ ಡಾಕ್ಟರ ದಾರಿ ತೋರಿಸುತ್ತಿದ್ದಳು. ಜಿಪುಣಿ ಎಂಬ ಹೆಸರು ಕಲ್ಲು ಎಂಬ ಹೆಸರಿನ ಜೊತೆ ಸೇರಿಕೊಂಡಿತು. ಬೆರ್ತಾಳ ತಟ್ಟೆಯಲ್ಲಿ ಕೆಲವು ತಿಂಗಳು ಮಾತ್ರೆ ಕಾಣಿಸಲಿಲ್ಲ. ಆಮೇಲೆ ಮತ್ತೆ ಕಾಣಿಸಿತು ಎಂದು ಜನ ಹೇಳುತ್ತಿದ್ದರು.

ಮುಂಗಾರು ಕಳೆಯುವ ಹೊತ್ತಿಗೆ ಗ್ರಂಥಿ ತಹಬಂದಿಗೆ ಬಂತು. ಡಾಕ್ಟರು ಮಾತ್ರೆಯನ್ನು ಅರ್ಧಕ್ಕಿಳಿಸಿದರು, ಆಮೇಲೆ ಕಾಲು ಭಾಗಕ್ಕೆ, ಆಮೇಲೆ ನಿಲ್ಲಿಸಿದರು. ಕೈ ಹಾಗೆಯೇ ನಿಂತಿತ್ತು. ರೋಗ ಹೋಗಿತ್ತು.

ನವೆಂಬರಿನಲ್ಲಿ ಊರಿಗೆ ಊರೇ ಗೋರಿಗಳಿಗೆ ಸುಣ್ಣ ಬಳಿದು, ಅನ್ನ ಹೂವು ಹೊತ್ತು ಸತ್ತವರ ಹಬ್ಬಕ್ಕೆ ಹೋಯಿತು. ಚೋಲೆಂಗ್ ತಂಗಿಯ ಗೋರಿಯ ಮುಂದೆ ಕೂತು ಮೇಣದ ಬತ್ತಿ ಹಚ್ಚಲು ಕಡ್ಡಿ ಗೀರಿದಳು. ಕಡ್ಡಿಯ ಉರಿ ಬತ್ತಿಯ ಸುತ್ತ ಅಲೆಯಿತು, ಬತ್ತಿಗೆ ತಗಲದೆ ಆರಿತು. ಇನ್ನೊಂದು ಗೀರಿದಳು. ಅದೂ ಹಾಗೆಯೇ ಆಯಿತು. ಮೊಣಕೈಯಿಂದ ಬೆರಳ ತುದಿಯವರೆಗೆ ಕೈ ಗಡಗಡ ನಡುಗುತ್ತಿತ್ತು. ಎದೆ ಕಿವಿಯವರೆಗೆ ಬಡಿಯುತ್ತಿತ್ತು.

"ಅಯ್ಯೋ ಚೋಲೆಂಗ್, ಪಸ್ಮಾ ಮತ್ತೆ ಬಂತೇನೆ?" ಎಂದಳು ಪಕ್ಕದ ಗೋರಿಯ ಬಳಿಯಿಂದ ಮೊನಿಂಗ್.

"ಅಲ್ಲ ಕಣೆ," ಎಂದಳು ಚೋಲೆಂಗ್. ಬಾಗಿಲಲ್ಲಿ ಈಗ ಮಾತ್ರೆ ಕೂತಿರಲಿಲ್ಲ. ಮೊನಿಂಗ್ ಎದ್ದು ಬಂದು ಅವಳ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಬತ್ತಿ ಹಚ್ಚಿದಳು.